ಎಲ್ಲ ಕಡೆ ಹುಲ್ಲೇ ಅಲ್ವಾ, ಹೆಸರು ಯಾಕೆ ಬೇರೆ ಬೇರೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಉತ್ತರ ಅಮೆರಿಕದಲ್ಲಿ ಪ್ರೈರಿ, ದಕ್ಷಿಣ ಅಮೆರಿಕದಲ್ಲಿ ಪಂಪಾಸ್, ರಷ್ಯಾ ಕಡೆ ಸ್ಟೆಪ್ಪಿ, ದಕ್ಷಿಣ ಆಫ್ರಿಕಾದಲ್ಲಿ ವೆಲ್ಡ್, ಆಸ್ಟ್ರೇಲಿಯಾದಲ್ಲಿ ಡೌನ್ಸ್ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಮೊನ್ನೆ ಕುರಿ ಕಾಯುವ ಮನೆಯ ಹುಡುಗನೊಬ್ಬ "ಎಲ್ಲ ಕಡೆ ಹುಲ್ಲೇ ಅಲ್ವಾ ಮಿಸ್, ಹೆಸರು ಯಾಕೆ ಬೇರೆ?" ಅಂದ. ಕನ್ನಡದಲ್ಲಿ ಹುಲ್ಲುಗಾವಲು ಅನ್ನೋ ಒಂದೇ ಹೆಸರಾ ಅಂತಲೂ ಕೇಳಿದ. ಅವನಿಗೆ ಏನು ಹೇಳಲಿ?

ಉತ್ತರ: ಮೇಡಂ, ಹುಡುಗನ ಅನುಮಾನದಲ್ಲಿ ಹುರುಳಿದೆ. ನೀವು ಬಾಯಿಪಾಠ ಮಾಡಿಸುವ ಐದು ಹೆಸರುಗಳಲ್ಲಿ ಮೂರು ಹುಲ್ಲಿನ ಸುದ್ದಿಯನ್ನೇ ಎತ್ತುವುದಿಲ್ಲ. ಒಂದರ ಅರ್ಥ ಗುಡ್ಡ. ಇನ್ನೊಂದರ ಅರ್ಥ ಸಪಾಟು ನೆಲ. ಮತ್ತೊಂದು ಬರೀ 'ಹೊಲ, ಬಯಲು'. ಹುಲ್ಲು ಆಮೇಲೆ ಬಂದು ಸೇರಿಕೊಂಡದ್ದು.

ಡೌನ್ಸ್‌ನಿಂದ ಶುರು ಮಾಡೋಣ, ಅದು ತಮಾಷೆಯಾಗಿದೆ. ಹಳೆಯ ಇಂಗ್ಲಿಷಿನಲ್ಲಿ 'ಡೂನ್' ಅಂದರೆ ಗುಡ್ಡ. ಇಂಗ್ಲೆಂಡಿನ ದಕ್ಷಿಣದಲ್ಲಿ ಸೀಮೆಸುಣ್ಣದ ಕಲ್ಲಿನ ಬೋಳುಗುಡ್ಡಗಳಿವೆ. ಶತಮಾನಗಟ್ಟಲೆ ಕುರಿ ಮೇಯ್ದು ಅಲ್ಲಿನ ಹುಲ್ಲು ಚಾಪೆ ಹಾಸಿದ ಹಾಗಿರುತ್ತದೆ. ಅವೇ ಡೌನ್ಸ್. 'ಕೆಳಗೆ' ಅನ್ನುವ ಅರ್ಥದ ಡೌನ್ ಇದೆಯಲ್ಲ, ಅದೂ ಇದರದೇ ಮರಿ. 'ಗುಡ್ಡದಿಂದ ಇಳಿದು' ಅನ್ನುವ ಮಾತು ಬಾಯಲ್ಲಿ ಸವೆದು ಸವೆದು 'ಕೆಳಗೆ' ಆಗಿಬಿಟ್ಟಿತು. 1827ರಲ್ಲಿ ಅಲನ್ ಕನ್ನಿಂಗ್‌ಹ್ಯಾಮ್ ಎಂಬ ಅನ್ವೇಷಕ ಈಗಿನ ಕ್ವೀನ್ಸ್‌ಲ್ಯಾಂಡಿನ ಹುಲ್ಲುನೆಲ ನೋಡಿ, ಊರಿನ ಗುಡ್ಡ ನೆನಪಿಸಿಕೊಂಡು ಡಾರ್ಲಿಂಗ್ ಡೌನ್ಸ್ ಅಂದ. ಅಲ್ಲಿನ ಮೂಲನಿವಾಸಿಗಳು ಅದನ್ನು ಏನೆಂದು ಕರೆಯುತ್ತಿದ್ದರು ಅನ್ನುವುದು ಪಾಠಪುಸ್ತಕಕ್ಕೆ ಬರಲೇ ಇಲ್ಲ. ನಮ್ಮ ಪಕ್ಕದಲ್ಲೂ ಇದೇ ಆಗಿದೆ. ಊಟಿಗೆ ಹೋದವರು ವೆನ್ಲಾಕ್ ಡೌನ್ಸ್ ನೋಡಿರುತ್ತೀರಿ. ತೋಡರು ತಲೆತಲಾಂತರದಿಂದ ಎಮ್ಮೆ ಮೇಯಿಸುತ್ತಿದ್ದ ಬೆಟ್ಟದ ನೆಲ ಅದು. 1890ರ ದಶಕದ ಮದ್ರಾಸ್ ಗವರ್ನರ್ ಒಬ್ಬರ ಹೆಸರು, ಇಂಗ್ಲೆಂಡಿನ ಗುಡ್ಡದ ಹೆಸರು, ಎರಡನ್ನೂ ಅದರ ತಲೆಗೆ ಕಟ್ಟಿದರು.

ಪಂಪಾಸ್ ಅಂದ ಕೂಡಲೇ ನಮ್ಮ ಮಕ್ಕಳಿಗೆ ಆದಿಕವಿ ನೆನಪಾಗುತ್ತಾನೆ. ಏನೂ ಸಂಬಂಧ ಇಲ್ಲ. 'ಪಂಪಾ' ಅನ್ನುವುದು ಕೆಚುವಾ ಪದ, ಇಂಕಾ ಸಾಮ್ರಾಜ್ಯದ ಭಾಷೆಯದು. ಆಂಡಿಸ್‌ನಂಥ ಏರುಬೆಟ್ಟದ ನಾಡಿನಲ್ಲಿ ಸಪಾಟು ನೆಲ ಸಿಗುವುದೇ ಕಷ್ಟ. ಹಾಗಾಗಿ ಅದಕ್ಕೊಂದು ಹೆಸರು ಬೇಕಾಯಿತು. ಬೊಲಿವಿಯಾದ ಕೊಚಬಾಂಬ ನಗರದ ಹೆಸರು ಬಿಡಿಸಿದರೆ 'ಕೆರೆಯ ಬಯಲು'. ನಮ್ಮಲ್ಲಿ 'ಬೈಲು' ಅಂತ ಮುಗಿಯುವ ಊರುಗಳಿಲ್ಲವೇ, ಹಾಗೆ. ಚಿಲಿಯ ಉತ್ತರದಲ್ಲಿ ಪಂಪಾ ಅಂದರೆ ಒಂದು ಕಡ್ಡಿ ಹುಲ್ಲೂ ಇಲ್ಲದ ಮರುಭೂಮಿ. ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾದ ಪೆಟ್ಲುಪ್ಪು ತೆಗೆಯುತ್ತಿದ್ದ ಜಾಗ. ಇದೇ ಪದವನ್ನು ಸ್ಪೇನಿನವರು ಅರ್ಜೆಂಟೀನಾದ ಬಯಲಿಗೂ ಕೊಟ್ಟರು. ಅಲ್ಲಿ ಹುಲ್ಲಿತ್ತು. ಪಾಠದವರು ಹುಲ್ಲನ್ನು ಮಾತ್ರ ಇಟ್ಟುಕೊಂಡು ಸಪಾಟನ್ನು ಮರೆತರು.

ಪ್ರೈರಿಯದು ಇನ್ನೊಂದು ಕಥೆ. ಫ್ರೆಂಚಿನಲ್ಲಿ ಅದು ಹೊಲಗಳ ನಡುವೆ ಹಸುವಿಗೆ ಬಿಟ್ಟ ಚಿಕ್ಕ ಹುಲ್ಲಿನ ತುಂಡು. ತುಪ್ಪಳದ ವ್ಯಾಪಾರಕ್ಕೆ ಮಿಸಿಸಿಪ್ಪಿ ಕಡೆಗೆ ಹೋದ ಫ್ರೆಂಚರು ಆಳೆತ್ತರದ ಹುಲ್ಲು ದಿಗಂತದವರೆಗೂ ಹಬ್ಬಿದ್ದನ್ನು ಕಂಡರು. ಅವರ ಹತ್ತಿರ ಬೇರೆ ಪದ ಇರಲಿಲ್ಲ. ಊರ ಕೆರೆ ಮಾತ್ರ ನೋಡಿದವನು ಸಮುದ್ರ ಕಂಡು 'ದೊಡ್ಡ ಕೆರೆ' ಅಂದ ಹಾಗೆ.

ಇದರಿಂದ ನನಗೆ ಒಂದು ಅಭ್ಯಾಸ ಆಗಿದೆ. ಇಂಥ ಪದ ಸಿಕ್ಕಿದಾಗ 'ಇದರ ಅರ್ಥ ಏನು' ಅಂತ ಕೇಳುವ ಮೊದಲು, 'ಈ ಹೆಸರು ಇಟ್ಟವನು ಆ ನೆಲದಲ್ಲಿ ಏನು ಮಾಡುತ್ತಿದ್ದ' ಅಂತ ಕೇಳುತ್ತೇನೆ. ದಾಟಿ ಹೋಗುತ್ತಿದ್ದನೋ, ದನ ಮೇಯಿಸುತ್ತಿದ್ದನೋ, ಕಂದಾಯ ವಸೂಲಿಗೆ ಬಂದಿದ್ದನೋ?

ದಾಟಿ ಹೋಗುವವನಿಗೆ ಕಾಣುವುದು 'ಏನೂ ಇಲ್ಲ' ಅನ್ನುವುದು. ಹಂಗೇರಿಯವರು ತಮ್ಮ ಹುಲ್ಲುಬಯಲಿಗೆ 'ಪುಸ್ತಾ' ಅನ್ನುತ್ತಾರೆ. ಸ್ಲಾವ್ ಭಾಷೆಗಳಿಂದ ಬಂದ ಪದ, ಅರ್ಥ ಖಾಲಿ, ಪಾಳು. ರಷ್ಯನ್ನಿನಲ್ಲಿ ಮರುಭೂಮಿಗೆ ಇರುವ ಪದವೂ ಅದೇ ಬೇರಿನದು. ಪರ್ಷಿಯನ್ನಿನ 'ದಷ್ತ್' ಇನ್ನೂ ಸೋಜಿಗ. ಇರಾನಿನ ಸುಡುವ ಮರುಭೂಮಿಗೂ ದಷ್ತ್, ಕಪ್ಪು ಸಮುದ್ರದ ಉತ್ತರಕ್ಕೆ ಸಾವಿರಾರು ಕುದುರೆ ಮೇಯುತ್ತಿದ್ದ ಸ್ಟೆಪ್ಪಿಗೂ ದಷ್ತ್. ಅದನ್ನು ಅವರು ಕಿಪ್‌ಚಾಕ್ ಎಂಬ ಅಲೆಮಾರಿ ಜನರ ದಷ್ತ್ ಎಂದು ಕರೆದರು. 1820ರಲ್ಲಿ ಅಮೆರಿಕದ ಸ್ಟೀಫನ್ ಲಾಂಗ್ ತಂಡ ರಾಕಿ ಪರ್ವತದ ಪೂರ್ವದ ಹುಲ್ಲುನೆಲ ದಾಟಿ ಬಂತು. ಆಮೇಲೆ ಮಾಡಿದ ನಕ್ಷೆಯಲ್ಲಿ ಅದನ್ನು ದೊಡ್ಡ ಮರುಭೂಮಿ ಅಂತ ಬರೆದರು. ಲಕ್ಷಗಟ್ಟಲೆ ಕಾಡೆಮ್ಮೆ ತಿಂದು ಕೊಬ್ಬಿದ್ದ ನೆಲ ಅದು! ಮರ ಇಲ್ಲ, ಮನೆ ಇಲ್ಲ, ಅಂದಮೇಲೆ ಮರುಭೂಮಿ.

ನಮ್ಮ 'ಬಯಲು' ಕೂಡ ಖಾಲಿ ಜಾಗವೇ. ಆದರೆ ಕನ್ನಡದಲ್ಲಿ ಖಾಲಿ ಅಂದರೆ ಹಾಳು ಅನ್ನುವ ಧ್ವನಿ ಅದಕ್ಕಿಲ್ಲ. ಬಯಲಾಟ ಆಡುವುದು ಅಲ್ಲೇ. ವಚನಕಾರರು ಈ ಪದವನ್ನು ಎಷ್ಟು ಎತ್ತರಕ್ಕೆ ಒಯ್ದರು ಅನ್ನುವುದು ನಿಮಗೆ ಗೊತ್ತೇ ಇದೆ.

ಮೇಯಿಸುವವನ ಮಾತು ಬೇರೆ. ಅವನಿಗೆ 'ಹುಲ್ಲು ಇದೆ' ಅಂದರೆ ಸಾಲದು. ಯಾವ ಹುಲ್ಲು, ಯಾವ ತಿಂಗಳು, ಯಾವ ಪ್ರಾಣಿಗೆ? ವೆಲ್ಡ್ ಅನ್ನುವುದು ಡಚ್ ಮೂಲದ ಸಾದಾ ಪದ, ಹೊಲ ಅಂತ. ದಕ್ಷಿಣ ಆಫ್ರಿಕಾದ ದನಗಾರರು ಅದನ್ನು 'ಸಿಹಿ ವೆಲ್ಡ್', 'ಹುಳಿ ವೆಲ್ಡ್' ಅಂತ ಒಡೆದರು. ಮಳೆ ಕಡಿಮೆ ಬೀಳುವ ಕಡೆಯ ಹುಲ್ಲು ಒಣಗಿದರೂ ಅದರಲ್ಲಿ ಸತ್ವ ಉಳಿಯುತ್ತದೆ. ದನ ವರ್ಷವಿಡೀ ತಿನ್ನುತ್ತದೆ. ಅದು ಸಿಹಿ. ಮಳೆ ಜಾಸ್ತಿ ಇರುವ ಎತ್ತರದ ಕಡೆ ಹುಲ್ಲು ಸೊಂಪಾಗಿ ಬೆಳೆಯುತ್ತದೆ, ನೋಡಲು ಚಂದ. ಆದರೆ ಚಳಿಗಾಲ ಬಂದರೆ ಅದು ಬರೀ ನಾರು, ದನ ಮೂತಿ ತಿರುಗಿಸುತ್ತದೆ. ಅದು ಹುಳಿ. ಹೆಸರಲ್ಲಿರುವುದು ಮನುಷ್ಯನ ಕಣ್ಣಿಗಿಂತ ದನದ ನಾಲಿಗೆಯ ಸಂಗತಿ. ಇಂಥ ಪದ ನನಗೆ ತುಂಬಾ ಇಷ್ಟ.

ಮಂಗೋಲಿಯಾದಲ್ಲೂ ಹೀಗೆಯೇ. ನಾವು ಗೋಬಿ ಅಂದರೆ ಒಂದು ಮರುಭೂಮಿಯ ಹೆಸರು ಅಂದುಕೊಂಡಿದ್ದೇವೆ. (ಮಕ್ಕಳು ಗೋಬಿ ಅಂದರೆ ಮಂಚೂರಿ ಅನ್ನುತ್ತಾರೆ. ನಗಬೇಡಿ, ನಕ್ಷೆಯಲ್ಲಿ ಗೋಬಿಗೆ ಪೂರ್ವಕ್ಕೆ ಹೋದರೆ ಮಂಚೂರಿಯಾನೇ ಸಿಗುವುದು.) ಮಂಗೋಲರಿಗೆ ಅದು ಒಂದು ಬಗೆಯ ನೆಲ. ಗರಸು ಮಣ್ಣು, ತೆಳುವಾದ ಹುಲ್ಲು, ಒಂಟೆಗೂ ಮೇಕೆಗೂ ಸಾಕಾಗುವಷ್ಟು ಮೇವು. ತುಂಬು ಹುಲ್ಲಿನ ಬಯಲು ಇದ್ದರೆ ಅದು 'ತಾಲ್'. ಕಾಡು, ನೀರು ಇರುವ ಬೆಟ್ಟದ ಸೀಮೆ 'ಖಂಗೈ'. ತುರ್ಕಿಯಲ್ಲಿ ಬೇಸಿಗೆಗೆ ಮಂದೆ ಹೊಡೆದುಕೊಂಡು ಹೋಗುವ ಎತ್ತರದ ಹುಲ್ಲುನೆಲ 'ಯಾಯ್ಲಾ', ಚಳಿಗಾಲ ಕಳೆಯುವ ತಗ್ಗು 'ಕಿಶ್ಲಾಕ್'. ನಮ್ಮ ಹಿಮಾಲಯದಲ್ಲಿ ಕಾಶ್ಮೀರಿಗಳ 'ಮರ್ಗ್' ಇದೆ. ಗುಲ್‌ಮರ್ಗ್, ಸೋನ್‌ಮರ್ಗ್ ಎರಡೂ ಹುಲ್ಲುಮಾಳದ ಹೆಸರೇ. ಉತ್ತರಾಖಂಡದಲ್ಲಿ 'ಬುಗ್ಯಾಲ್'.

ಬ್ರೆಜಿಲಿನವರದು ಕುದುರೆ ಸವಾರನ ಲೆಕ್ಕ ಇರಬೇಕು ಅಂತ ನನ್ನ ಊಹೆ. ಬರೀ ಹುಲ್ಲಿದ್ದರೆ 'ಶುಚಿ ಬಯಲು'. ನಡುನಡುವೆ ಪೊದೆ ಇದ್ದರೆ 'ಕೊಳಕು ಬಯಲು'. ಗಿಡಮರ ಒತ್ತೊತ್ತಾದರೆ 'ಸೆರಾಡೊ', ಅಂದರೆ ಮುಚ್ಚಿದ್ದು. ಈಗ ಇಡೀ ಸೀಮೆಗೇ ಸೆರಾಡೊ ಅನ್ನುವ ಹೆಸರು. ಸುಮಾರು 20 ಲಕ್ಷ ಚದರ ಕಿಲೋಮೀಟರ್ ನೆಲ, ಅದರ ದೊಡ್ಡ ಭಾಗ ಈಗ ದನಕ್ಕಾಗಿ ಬೆಳೆಸಿದ ಮೇವಿನ ನೆಲ, ಸೋಯಾ ಹೊಲ ಆಗಿದೆ.

ಪದಗಳು ಊರು ಬಿಟ್ಟು ಹೋದಾಗ ಏನಾಗುತ್ತದೆ ನೋಡಿ. ಸವನ್ನಾ ಅನ್ನುವುದು ಕೆರಿಬಿಯನ್ ದ್ವೀಪಗಳ ತೈನೋ ಜನರ ಪದ. 1535ರಲ್ಲಿ ಒವಿಯೇದೊ ಎಂಬ ಸ್ಪೇನಿನವನು ಅದನ್ನು ವಿವರಿಸುವಾಗ ಮರವಿಲ್ಲದ, ಹುಲ್ಲಿರುವ ನೆಲ ಅಂದ. ಇಂದು ನಿಮ್ಮ ಪುಸ್ತಕದಲ್ಲಿ ಸವನ್ನಾ ಅಂದರೆ ಅಲ್ಲಲ್ಲಿ ಮರ ಇರುವ ಹುಲ್ಲುಗಾವಲು. ಮರ ಇಲ್ಲದಿದ್ದರೆ ಮಕ್ಕಳಿಗೆ ಅಂಕ ಇಲ್ಲ! ಇದೇ ಪದ ಕೆನಡಾದ ಫ್ರೆಂಚರ ಬಾಯಿಗೆ ಹೋಗಿ ಕೆಸರು ತುಂಬಿದ ಜೌಗು ಆಯಿತು. ಜರ್ಮನಿಯ ನಿಸರ್ಗ ವಿಜ್ಞಾನಿ ಹಂಬೋಲ್ಟ್ 1800ರಲ್ಲಿ ವೆನೆಜುವೆಲಾದ ಬಯಲು ಸುತ್ತಿದ. ಅಲ್ಲಿನವರು ಅದಕ್ಕೆ 'ಯಾನೋಸ್' ಅನ್ನುತ್ತಿದ್ದರು. ಅವನು ಊರಿಗೆ ಬಂದು ಬರೆದಾಗ ಅದನ್ನೂ ಸ್ಟೆಪ್ಪಿಗಳ ಸಾಲಿಗೆ ಸೇರಿಸಿದ. ಹಾಗೆ ಸೇರಿಸಿ ಹೋಲಿಸುವ ಅಭ್ಯಾಸದಿಂದಲೇ ನಿಮ್ಮ ಐದು ಹೆಸರಿನ ಪಟ್ಟಿಯಂಥವು ಹುಟ್ಟಿದ್ದು.

ಆದರೆ ಎಲ್ಲಕ್ಕಿಂತ ದೊಡ್ಡ ಪಲ್ಟಿ ಹೊಡೆದದ್ದು ನಮ್ಮದೇ ಪದ. ಜಂಗಲ್.

ಸಂಸ್ಕೃತದಲ್ಲಿ 'ಜಾಂಗಲ' ಅಂದರೆ ದಟ್ಟ ಕಾಡಲ್ಲ. ಆಯುರ್ವೇದ ನೆಲವನ್ನು ಜಾಂಗಲ, ಆನೂಪ, ಸಾಧಾರಣ ಅಂತ ವಿಂಗಡಿಸುತ್ತದೆ. ಆನೂಪ ಅಂದರೆ ನೀರು ನಿಲ್ಲುವ, ಮರಗಿಡ ದಟ್ಟವಾದ ತೇವದ ನೆಲ. ಜಾಂಗಲ ಅದಕ್ಕೆ ತದ್ವಿರುದ್ಧ. ನೀರು ಕಡಿಮೆ, ಗಾಳಿ ಜಾಸ್ತಿ, ಅಲ್ಲೊಂದು ಇಲ್ಲೊಂದು ಮುಳ್ಳುಮರ, ಜಿಂಕೆ ಓಡಾಡುವ ತೆರೆದ ಬಯಲು. ಅಂದರೆ ಪುಸ್ತಕದ ಸವನ್ನಾ! ರಾಜ ನೆಲೆಸಬೇಕಾದ್ದು ಜಾಂಗಲ ನೆಲದಲ್ಲಿ ಅನ್ನುತ್ತದೆ ಮನುಸ್ಮೃತಿ. ಕೃಷ್ಣಮೃಗ ತಾನಾಗಿ ಓಡಾಡುವ ನಾಡು ಯಜ್ಞಕ್ಕೆ ಯೋಗ್ಯ ಅಂತಲೂ ಅದರಲ್ಲಿದೆ. ಕೃಷ್ಣಮೃಗ ಕಾಡಿನೊಳಗೆ ಬಾಳುವ ಪ್ರಾಣಿಯಲ್ಲ, ಅದಕ್ಕೆ ಬಯಲೇ ಬೇಕು. ಬಿಕಾನೇರಿನ ಒಣ ಸೀಮೆಯನ್ನು ಹಿಂದೆ ಜಂಗಲದೇಶ ಅನ್ನುತ್ತಿದ್ದರು. ಅಲ್ಲಿ ಕಾಡೆಲ್ಲಿ?

ಕಾಲ ಕಳೆದಂತೆ ಉಳುಮೆ ಇಲ್ಲದ ನೆಲ ಎಲ್ಲವೂ ಜಂಗಲ್ ಆಯಿತು. ಅಲ್ಲಿಂದ ಮರ ತುಂಬಿದ ಕಾಡು ಅನ್ನುವಲ್ಲಿಗೆ ಬಂತು. ಇಂಗ್ಲಿಷರು ಪದ ಎತ್ತಿಕೊಂಡು ಹೋದಮೇಲೆ ಅದು ಬಿಸಿಲು ನೆಲಕ್ಕೆ ಬೀಳದ ಮಳೆಕಾಡು ಆಯಿತು. ಈಗ ಅದೇ ಅರ್ಥ ತಿರುಗಿ ನಮ್ಮಲ್ಲಿಗೇ ಬಂದಿದೆ. ಹಾಗಾಗಿ ನಮ್ಮ ದೇಶದ ಸವನ್ನಾಕ್ಕೆ ಇದ್ದ ಒಳ್ಳೆಯ ಹೆಸರೊಂದು ಕೈಬಿಟ್ಟು ಹೋಯಿತು.

ಇನ್ನೊಂದು ಹೆಸರೂ ಹಾಗೇ ಹೋಗಿದೆ. ವೇದದಲ್ಲಿ 'ಗವ್ಯೂತಿ' ಅಂದರೆ ಹಸು ಮೇಯುವ ಬಯಲು. ಮುಂದೆ ಅದು ದೂರದ ಅಳತೆಯಾಯಿತು. ಕನ್ನಡಕ್ಕೆ ಬಂದು 'ಗಾವುದ' ಆಯಿತು. ಕಥೆಯಲ್ಲಿ ರಾಜಕುಮಾರ ಹತ್ತು ಗಾವುದ ಹೋದ ಅಂದಾಗ, ಅವನು ಹೋದದ್ದು ಹತ್ತು ಗೋಮಾಳದಷ್ಟು ದೂರ ಅಂತ ಯಾರಿಗೂ ಹೊಳೆಯುವುದಿಲ್ಲ.

ಈಗ ಹುಡುಗನ ಎರಡನೇ ಪ್ರಶ್ನೆ. ನಮ್ಮಲ್ಲಿ ಒಂದೇ ಹೆಸರಾ?

ಹುಲ್ಲುಗಾವಲನ್ನೇ ಬಿಡಿಸಿ. ಹುಲ್ಲು, ಕಾವಲು, ಆದೇಶ ಸಂಧಿ. ಮಳೆಗಾಲದ ಹಾಗೆ. ಕಾವಲು ಅಂದರೆ ಕಾಯುವುದು. ಪ್ರಪಂಚದ ಬೇರೆ ಪದಗಳು ಖಾಲಿ, ಸಪಾಟು, ಗುಡ್ಡ ಅನ್ನುತ್ತಿರುವಾಗ ನಮ್ಮದು 'ಕಾದಿಟ್ಟ ಹುಲ್ಲು' ಅನ್ನುತ್ತದೆ. ಯಾರೋ ಕಾಯುತ್ತಿದ್ದಾರೆ, ಯಾವಾಗ ಬೇಕಾದರೂ ನುಗ್ಗುವ ಹಾಗಿಲ್ಲ ಅನ್ನುವುದು ಪದದಲ್ಲೇ ಇದೆ. ದನ ಅಂದರೆ ಸಂಪತ್ತು ಆಗಿದ್ದ ಕಾಲ ಅದು. ಊರೂರಲ್ಲಿ ನಿಂತಿರುವ ತುರುಗೋಳಿನ ವೀರಗಲ್ಲುಗಳು ದನ ಹಿಡಿಯಲು ಬಂದವರ ಜೊತೆ ಕಾದಾಡಿ ಸತ್ತವರವು.

ಮೈಸೂರು ಅರಸರ ದನದ ಇಲಾಖೆಗೆ ಮೊದಲು ಬೆಣ್ಣೆ ಚಾವಡಿ ಅನ್ನುವ ಹೆಸರಿತ್ತು. ಟಿಪ್ಪು ಅದನ್ನು ಅಮೃತ ಮಹಲ್ ಅಂತ ಮಾಡಿದ. ಆ ದನಗಳಿಗೆ ಮೀಸಲಿಟ್ಟ ನೆಲಗಳೇ ಅಮೃತ ಮಹಲ್ ಕಾವಲುಗಳು. ಅವನ್ನು ಬೇಸಿಗೆ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ವಿಂಗಡಿಸಿದ್ದರು. ಬೇಸಿಗೆಗೆ ನೀರೂ ನೆರಳೂ ಇರುವ ಕಡೆ, ಮಳೆ ಬಿದ್ದಮೇಲೆ ತೆರೆದ ಬಯಲಿಗೆ. ತುರ್ಕಿಯವರ ಯಾಯ್ಲಾ, ಕಿಶ್ಲಾಕ್ ಲೆಕ್ಕವೇ ಇದು, ಬೆಟ್ಟ ಇಲ್ಲದೆ.

ಇದು ಒಂದು ಪದ. ಇನ್ನು ಗೋಮಾಳ. 'ಮಾಳ' ಅಂದರೆ ತೆರೆದ ನೆಲ. ಮರಾಠಿಯಲ್ಲೂ ಇದೆ, ಕಲ್ಲುಮಿಶ್ರಿತ ಹುಲ್ಲುಬಯಲಿಗೆ ಅವರು 'ಮಾಳರಾನ್' ಅನ್ನುತ್ತಾರೆ. ನಾವು ಹೆಬ್ಬಕ, ಎರೆಭೂತ ಅನ್ನುವ ಆ ದೊಡ್ಡ ಹಕ್ಕಿಗೆ ಅವರಲ್ಲಿ 'ಮಾಳಢೋಕ್'. ಹಕ್ಕಿಯ ಹೆಸರಲ್ಲೇ ಅದರ ಮನೆ ಇದೆ. ಆದರೆ ಗುಜರಾತಿನ ದನಗಾಹಿ ಮಾಲ್‌ಧಾರಿಗಳ 'ಮಾಲ್' ಬೇರೆ. ಅದು ಅರಬ್ಬಿಯಿಂದ ಬಂದದ್ದು, ಅರ್ಥ ಸೊತ್ತು. ನಮ್ಮ 'ಮಾಲು' ಇದೆಯಲ್ಲ, ಅದೇ. ಕೇಳಲು ಒಂದೇ ಥರ ಇದ್ದರೆ ಒಂದೇ ಪದ ಅಂತ ಸುಮ್ನೆ ಹೇಳಿಬಿಡಬಾರದು, ನೋಡಿ.

ಶಿರಸಿ, ಸಾಗರದ ಕಡೆ ಹೋದರೆ ಹುಲ್ಲಿಗಾಗಿ ಬಿಟ್ಟ ಜಾಗಕ್ಕೆ ಬ್ಯಾಣ ಅನ್ನುತ್ತಾರೆ. ಸೊಪ್ಪಿನ ಬೆಟ್ಟ ಬೇರೆ, ಬ್ಯಾಣ ಬೇರೆ. ಕೊಡಗಿನಲ್ಲಿ ಬಾಣೆ, ಗದ್ದೆಯ ಜೊತೆ ಅಂಟಿಕೊಂಡು ಬರುವ ನೆಲ, ಮೇವು, ಸೊಪ್ಪು, ಸೌದೆಗೆ. ದಕ್ಷಿಣ ಕನ್ನಡದ ಕುಮ್ಕಿಯೂ ಅಂಥದ್ದೇ ಹಕ್ಕು, ಸಾಗುವಳಿ ಜಮೀನಿನಿಂದ 100 ಗಜದ ಒಳಗಿನ ಸರ್ಕಾರಿ ಜಾಗದ ಮೇಲೆ. ಇವೆಲ್ಲ ಹುಲ್ಲಿನ ಗುಣ ಹೇಳುವುದಿಲ್ಲ. ಯಾರು, ಯಾವುದಕ್ಕೆ ಬಳಸಬಹುದು ಅನ್ನುವುದನ್ನು ಹೇಳುತ್ತವೆ. ನೆಲದ ರೂಪ ಹೇಳುವ ಪದ ಬೇಕಾದರೆ ತುಳುನಾಡಿನ 'ಪದವು' ನೋಡಿ. ಮುರಕಲ್ಲಿನ ಎತ್ತರದ ಸಮತಟ್ಟು, ಮಳೆ ಬಂದರೆ ಹಸಿರು, ಬೇಸಿಗೆಗೆ ಕೆಂಪು. ಹಿಂದೆ ಮನೆಗೆ ಹೊದಿಸುವ ಮುಳಿಹುಲ್ಲು ಇಂಥ ಕಡೆಯಿಂದಲೇ ಬರುತ್ತಿತ್ತು. ಮಂಗಳೂರಿನ ಪದವಿನಂಗಡಿಯಲ್ಲಿ ಈಗ ಅಂಗಡಿ ಉಳಿದಿದೆ, 'ಪದವು' ಎಲ್ಲಿ ಅಂತ ಹುಡುಕಬೇಕು.

ಇಷ್ಟು ಪದ ಇದ್ದೂ ಹುಡುಗನಿಗೆ ಒಂದೇ ಹೆಸರು ಗೊತ್ತು ಅಂದರೆ ತಪ್ಪು ಅವನದಲ್ಲ. ಕಂದಾಯದ ಕಾಗದದಲ್ಲಿ ಈ ನೆಲಕ್ಕೆ ಸಿಕ್ಕ ಹೆಸರು 'ಖರಾಬು'. ಉಳಲು ಬರದ್ದು, ತೆರಿಗೆ ಹುಟ್ಟದ್ದು, ಹಾಗಾಗಿ ಕೆಟ್ಟದ್ದು. 'ಹುಲ್ಲುಬನ್ನಿ ಖರಾಬು' ಅಂತಲೇ ಬರೆದಿರುತ್ತಾರೆ. ಹುಲ್ಲೂ ಇದೆ, ಖರಾಬೂ ಹೌದು! ಕೇಂದ್ರ ಸರ್ಕಾರದ ಬಂಜರು ಭೂಮಿ ನಕ್ಷೆಯಲ್ಲೂ ಕುರುಚಲು ನೆಲ, ಮೇವಿನ ನೆಲ ಸೇರಿಕೊಂಡಿವೆ. ಬಂಜರು ಅಂದಮೇಲೆ ಏನಾದರೂ 'ಮಾಡಬೇಕು' ಅನ್ನಿಸುವುದು ಸಹಜ. ರಾಣೆಬೆನ್ನೂರಿನ ಕುರುಚಲು ಹುಲ್ಲುನೆಲದಲ್ಲಿ ನೀಲಗಿರಿ ನೆಟ್ಟರು. 1974ರಲ್ಲಿ 119 ಚದರ ಕಿಲೋಮೀಟರ್ ಜಾಗವನ್ನು ಕೃಷ್ಣಮೃಗಕ್ಕಾಗಿ ಅಭಯಾರಣ್ಯ ಮಾಡಿದರು. ಬಯಲಿನ ಪ್ರಾಣಿಗೆ ನೆಡುತೋಪಿನ ನಡುವೆ ಅಭಯ! ಚಳ್ಳಕೆರೆಯ ಹತ್ತಿರ ಕುದಾಪುರ, ಉಳ್ಳಾರ್ತಿ ಕಾವಲುಗಳ ಸುಮಾರು 10,000 ಎಕರೆ ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಹೋಯಿತು. ಕುರಿ, ದನ ಮೇಯಿಸುತ್ತಿದ್ದ ಊರಿನವರು ಹಸಿರು ನ್ಯಾಯಮಂಡಳಿಯ ತನಕ ಹೋದರು. ಆ ಸಂಸ್ಥೆಗಳು ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಇಷ್ಟೇ ನೆಲ 'ಕಾಡು' ಅನ್ನುವ ಹೆಸರಲ್ಲಿ ಇದ್ದಿದ್ದರೆ ಅಷ್ಟು ಸಲೀಸಾಗಿ ಕೈ ಬದಲಾಗುತ್ತಿತ್ತಾ ಅನ್ನುವುದು ನನ್ನ ಅನುಮಾನ.

ರಷ್ಯನ್ನಿನಲ್ಲಿ ಉಳದ ಸ್ಟೆಪ್ಪಿಗೆ 'ತ್ಸೆಲಿನಾ' ಅನ್ನುತ್ತಾರೆ. ಒಡೆಯದೆ ಇಡಿಯಾಗಿ ಉಳಿದದ್ದು ಅಂತ ಅರ್ಥ. ಎಷ್ಟು ಗೌರವದ ಪದ! ಅದೂ ಕಾಪಾಡಲಿಲ್ಲ. 1954ರಲ್ಲಿ ಕ್ರುಶ್ಚೇವ್ ಕಾಲದ ಸೋವಿಯತ್ ಸರ್ಕಾರ ಕಝಾಕಿಸ್ತಾನದ ಆ ನೆಲವನ್ನು ಗೋಧಿಗಾಗಿ ಉಳುಮೆ ಮಾಡಿಸತೊಡಗಿತು. ಉತ್ಸಾಹಕ್ಕೆ ಅಲ್ಲಿನ ನಗರವೊಂದಕ್ಕೆ 1961ರಲ್ಲಿ ತ್ಸೆಲಿನೊಗ್ರಾದ್ ಅಂತ ಹೆಸರಿಟ್ಟರು. ಉಳದ ನೆಲದ ಊರು! ಹೆಸರಿಡುವ ಹೊತ್ತಿಗೆ ಸುತ್ತಲಿನ ನೆಲ ಉತ್ತಾಗಿತ್ತು. ಸ್ವಲ್ಪ ದಿನಕ್ಕೇ ಧೂಳಿನ ಬಿರುಗಾಳಿ ಶುರುವಾಯಿತು. ಆ ಊರೇ ಈಗಿನ ಅಸ್ತಾನಾ.

ತರಗತಿಗೆ ನನ್ನ ಸಲಹೆ ಇಷ್ಟು. ಐದು ಹೆಸರಿನ ಪಟ್ಟಿ ಕೈಬಿಡಬೇಡಿ, ಪರೀಕ್ಷೆಯಲ್ಲಿ ಅದು ಬೇಕು. ಪ್ರೈರಿಯನ್ನು ಪ್ರೈರಿ ಅಂತಲೇ ಬರೆಯಲಿ, 'ಅಮೆರಿಕದ ಗೋಮಾಳ' ಅಂದರೆ ತಪ್ಪಾಗುತ್ತದೆ; ಗೋಮಾಳಕ್ಕೆ ಊರಿನ ಹಕ್ಕಿದೆ, ಪ್ರೈರಿಗೆ ಅದಿಲ್ಲ. ಆಮೇಲೆ ಆ ಹುಡುಗನನ್ನೇ ಎಬ್ಬಿಸಿ ಕೇಳಿ. ಮಳೆ ಬಿದ್ದಾಗ ಕುರಿ ಎಲ್ಲಿಗೆ ಹೊಡೀತೀರಿ? ಬೇಸಿಗೆಯಲ್ಲಿ ಎಲ್ಲಿಗೆ? ಆ ಜಾಗಗಳಿಗೆ ಮನೆಯಲ್ಲಿ ಅಜ್ಜ ಏನಂತಾರೆ? ಯಾವ ಹುಲ್ಲನ್ನು ಕುರಿ ಮೊದಲು ತಿನ್ನುತ್ತದೆ, ಯಾವುದನ್ನು ಮೂಸಿ ಬಿಡುತ್ತದೆ? ಅವನು ಹೇಳಿದ್ದನ್ನು ಬೋರ್ಡಿನ ಮೇಲೆ ಬರೆಯಿರಿ. ಹಾಗೇ ನನಗೂ ಒಂದು ಪ್ರತಿ ಕಳಿಸಿ.